ಬೋರ್ಡೋ ಡ್ರಮ್ಮಿನಿಂದ ಜೀವಕೋಶದವರೆಗೆ: ಹೈಸ್ಕೂಲು ರಸಾಯನಶಾಸ್ತ್ರ, ಕೋಶವಿಜ್ಞಾನ ಪುನರಾವರ್ತನೆ ಮಾಡುವುದು ಹೇಗೆ?

ಪರೀಕ್ಷೆ ಹತ್ತಿರ ಬಂತೆಂದರೆ ಶಿರಸಿ, ಕುಮಟಾ, ಕಾರವಾರ ಎಲ್ಲಿಯೇ ಆಗಲಿ, ಮಕ್ಕಳು ವಿಜ್ಞಾನ ಪುಸ್ತಕಕ್ಕೆ ಮಾಡುವ ಉಪಚಾರ ಒಂದೇ. ಮೊದಲ ಪುಟದಿಂದ ಓದುತ್ತ ಹೋಗುವುದು, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುವುದು. ಮೂರನೇ ಸಲ ಓದುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿ ‘ಸ್ಥಾನಪಲ್ಲಟ ಕ್ರಿಯೆಗೆ ಒಂದು ಉದಾಹರಣೆ ಕೊಡು’ ಎಂದರೆ ಪೆನ್ನು ನಿಂತುಬಿಡುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ನಿಯಮ ಸರಳ: ಮೊದಲು ಏನಾಗಬಹುದು ಎಂದು ನೀವೇ ಬರೆಯಿರಿ, ಆಮೇಲೆ ನೋಡಿ, ಪುಸ್ತಕ ತೆರೆಯುವುದು ಕೊನೆಗೆ. ಇನ್ನೊಂದು ಮಾತು, ಪಾಠಗಳನ್ನು ಪುಸ್ತಕದ ಕ್ರಮದಲ್ಲಿ ಓದಲೇಬೇಕೆಂದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ತೋಟ, ಗಜನಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ), ಅಡುಗೆಮನೆಗಳಲ್ಲಿ ಪಾಠಗಳು ಒಂದಕ್ಕೊಂದು ಹೆಣೆದುಕೊಂಡೇ ಇವೆ. ಆ ಹೆಣಿಗೆ ಹಿಡಿದು ಹೋದರೆ ನೆನಪಿಡುವ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಹತ್ತನೇ ತರಗತಿಯವರಿಗೂ, ಅದು ಮುಗಿಸಿ ಪಿಯು ವಿಜ್ಞಾನಕ್ಕೆ ಹೊರಟವರಿಗೂ ಇದು ಆಗುತ್ತದೆ. ಕೋಶದ ಪಾಠ ಒಂಬತ್ತನೆಯದಾದರೂ ಅದಿಲ್ಲದೆ ಹತ್ತನೆಯ ‘ಜೀವಕ್ರಿಯೆಗಳು’ ಪಾಠ ತಲೆಗೆ ಹತ್ತುವುದಿಲ್ಲ.

ಹೆಜ್ಜೆ 1: ಖಾಲಿ ಹಾಳೆ

ಪುಸ್ತಕ ಮುಟ್ಟದೆ ಎರಡು ಹಾಳೆ ತೆಗೆದುಕೊಳ್ಳಿ. ಒಂದರ ಮೇಲೆ ‘ಕ್ರಿಯೆಗಳು, ಆಮ್ಲ, ಪ್ರತ್ಯಾಮ್ಲ, ಲೋಹ’ ಎಂದು, ಇನ್ನೊಂದರ ಮೇಲೆ ‘ಜೀವಕೋಶ’ ಎಂದು ಬರೆಯಿರಿ. ಒಂದೊಂದಕ್ಕೂ ಇಪ್ಪತ್ತು ನಿಮಿಷ. ನೆನಪಿಗೆ ಬಂದದ್ದೆಲ್ಲ ಹಾಳೆಗೆ ಇಳಿಯಲಿ: ಸಮೀಕರಣ, ಚಿತ್ರ, ಬರೀ ಹೆಸರು, ಅರ್ಧ ವಾಕ್ಯ, ಏನಾದರೂ ಸರಿ. ಆಮೇಲೆ ಪುಸ್ತಕದ ಜೊತೆ ಹೋಲಿಸಿ, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಿನಲ್ಲಿ ಸೇರಿಸಿ. ಕೆಂಪು ಎಲ್ಲಿದೆಯೋ ಅಲ್ಲಿಂದಲೇ ನಿಮ್ಮ ಪುನರಾವರ್ತನೆ ಶುರು. ಗೊತ್ತಿರುವುದನ್ನು ಮತ್ತೆ ಮತ್ತೆ ಓದುವುದು ಹಿತವಾಗಿರುತ್ತದೆ, ಆದರೆ ಸಮಯ ಹಾಳಾಗುವುದೂ ಅಲ್ಲೇ.

ಹೆಜ್ಜೆ 2: ಬೋರ್ಡೋ ಡ್ರಮ್ಮಿನ ಪಕ್ಕ ನಿಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕೊಳೆರೋಗಕ್ಕೆ ಮಳೆಗಾಲದ ಬಾಯಲ್ಲಿ ಒಂದು ಸುತ್ತು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸುತ್ತು ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತವನ್ನು ಒಂದು ಕಡೆ 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು ಕಡೆ 50 ಲೀಟರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕುತ್ತಾರೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಿಂದ 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿಯ ಮೂಲಕ ಪ್ರಸಿದ್ಧವಾದ ಮದ್ದು ಇದು.

ಮೈಲುತುತ್ತ ವಿಷ, ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ. ಕೆಲಸ ದೊಡ್ಡವರದು. ನೀವು ನೋಡುವವರು, ಬರೆಯುವವರು.

ಡ್ರಮ್ಮಿನ ಪಕ್ಕ ನಿಂತು ಒಂದೊಂದನ್ನೂ ಮೊದಲು ಊಹಿಸಿ ಬರೆಯಿರಿ.

ಮೈಲುತುತ್ತದ ಹರಳು ನೀಲಿ ಯಾಕೆ? ಅದು ತಾಮ್ರದ ಸಲ್ಫೇಟ್, ಪ್ರತಿ ಘಟಕಕ್ಕೆ ಐದು ನೀರಿನ ಅಣು ಅಂಟಿಕೊಂಡಿದೆ. ಪ್ರಯೋಗಶಾಲೆಯಲ್ಲಿ ಒಂದೆರಡು ಹರಳನ್ನು ಪ್ರನಾಳದಲ್ಲಿ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿಯಾಗುತ್ತದೆ. ಒಂದು ಹನಿ ನೀರು ಬಿದ್ದರೆ ಮತ್ತೆ ನೀಲಿ. ‘ಸ್ಫಟಿಕೀಕರಣದ ನೀರು’ ಎಂಬ ಪ್ರಶ್ನೆಗೆ ಇಷ್ಟೇ ಉತ್ತರ.

ಎರಡು ದ್ರಾವಣ ಸೇರಿದಾಗ ಏನಾಗುತ್ತದೆ? ತಿಳಿ ನೀಲಿ ಬಣ್ಣದ, ಮೊಸರೊಡೆದಂಥ ಒತ್ತರ ಬರುತ್ತದೆ. ಪಠ್ಯದ ಮಟ್ಟಕ್ಕೆ ಹೀಗೆ ಬರೆಯಬಹುದು: ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್. ಇಬ್ಬರೂ ಜೊತೆಗಾರರನ್ನು ಬದಲಿಸಿಕೊಂಡರು, ಕರಗದ ವಸ್ತು ಬಂತು. ಅಂದರೆ ದ್ವಿಸ್ಥಾನಪಲ್ಲಟ, ಅದರಲ್ಲೂ ಪ್ರಕ್ಷೇಪನ ಕ್ರಿಯೆ. ನಿಜವಾದ ಡ್ರಮ್ಮಿನಲ್ಲಿ ನಡೆಯುವುದು ಇದಕ್ಕಿಂತ ಜಟಿಲ. ಪರೀಕ್ಷೆಗೆ ಇಷ್ಟು ಸಾಕು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಮಿಶ್ರಣ ಹದಕ್ಕೆ ಬಂತೋ ಇಲ್ಲವೋ ನೋಡಲು ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಎಂತಕ್ಕೆ ಎಂದು ಕೇಳಿದರೆ ಮನೆಯ ಹಿರಿಯರು “ಸುಣ್ಣ ಸಾಕಾಜ ಇಲ್ಯ ನೋಡಲೆ” ಅಂದುಬಿಡುತ್ತಾರೆ. ಕತ್ತಿಯ ಮೇಲೆ ಕೆಂಪುಗಂದು ಲೇಪ ಕೂತರೆ ಸುಣ್ಣ ಕಡಿಮೆ, ಇನ್ನಷ್ಟು ಹಾಕಬೇಕು. ಕತ್ತಿ ಹಾಗೇ ಉಳಿದರೆ ಮದ್ದು ಸರಿ. ಆ ಲೇಪ ತಾಮ್ರದ್ದು! ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ. ಹತ್ತನೇ ತರಗತಿಯ ಪುಸ್ತಕದಲ್ಲಿ ಮೊಳೆ ಕಟ್ಟಿ ಪ್ರನಾಳದಲ್ಲಿ ಇಳಿಬಿಡುವ ಪ್ರಯೋಗವೂ ಇದೇ.

ಇಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಂಡಿತೋ ಪಡೆಯಿತೋ? ಕಳೆದುಕೊಂಡಿತು, ಹಾಗಾಗಿ ಉತ್ಕರ್ಷಣಗೊಂಡಿತು. ತಾಮ್ರ ಪಡೆದು ಅಪಕರ್ಷಣಗೊಂಡಿತು. ಸುಣ್ಣ ಸಾಕಾದಾಗ ಲೇಪ ಯಾಕೆ ಕೂರುವುದಿಲ್ಲ? ತಾಮ್ರವೆಲ್ಲ ಕರಗದ ಒತ್ತರಕ್ಕೆ ಹೋಗಿದೆ, ಕಬ್ಬಿಣಕ್ಕೆ ಸಿಗುವಂತೆ ನೀರಿನಲ್ಲಿ ಬಿಡಿಯಾಗಿ ಉಳಿದಿಲ್ಲ. ಈ ಮದ್ದನ್ನು ಕಬ್ಬಿಣದ ಬಾನಿಯಲ್ಲಿ ಯಾಕೆ ಕಲಸುವುದಿಲ್ಲ? ಇದಕ್ಕೆ ಉತ್ತರ ನೀವೇ ಬರೆಯಿರಿ. ಕಬ್ಬಿಣದ ಸಲ್ಫೇಟಿನಲ್ಲಿ ತಾಮ್ರದ ತಂತಿ ಅದ್ದಿದರೆ? ಏನೂ ಆಗುವುದಿಲ್ಲ. ಕ್ರಿಯಾಶೀಲತೆಯ ಸರಣಿಯಲ್ಲಿ ಮೇಲಿನ ಲೋಹ ಕೆಳಗಿನದನ್ನು ಅದರ ಲವಣದಿಂದ ಹೊರಗೆ ಹಾಕುತ್ತದೆ, ಕೆಳಗಿನದಕ್ಕೆ ಮೇಲಿನದನ್ನು ಅಲುಗಿಸಲು ಆಗುವುದಿಲ್ಲ. ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ: ಈ ಸಾಲನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಆಮೇಲೆ ಯಾವುದಾದರೂ ಎರಡು ಲೋಹ ಆರಿಸಿ, ಕ್ರಿಯೆ ನಡೆಯುತ್ತದೋ ಇಲ್ಲವೋ ಹೇಳುವ ಆಟ ಆಡಿ. ಲೋಹಗಳ ಪಾಠದ ಬಹುಪಾಲು ಅಲ್ಲಿಗೆ ಮುಗಿಯಿತು.

ಹೆಜ್ಜೆ 3: ಸರಿದೂಗಿಸುವುದು

ಸಮೀಕರಣ ಸರಿದೂಗಿಸುವುದೆಂದರೆ ಸೊಸೈಟಿಯ ಪಾಸ್‌ಬುಕ್ಕಿನ ಜಮಾ ಖರ್ಚು ತಾಳೆ ನೋಡಿದ ಹಾಗೆ, ಎಡಕ್ಕೆ ಬಂದ ಪರಮಾಣು ಅಷ್ಟೂ ಬಲಕ್ಕೆ ಲೆಕ್ಕ ಸಿಗಬೇಕು. ಮಕ್ಕಳು ಎಡವುವುದು ಒಂದೇ ಕಡೆ: ಸೂತ್ರದ ಒಳಗಿನ ಚಿಕ್ಕ ಅಂಕಿ ತಿದ್ದುತ್ತಾರೆ. ಅದನ್ನು ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ. ನೀರಿನಲ್ಲಿ ಆಕ್ಸಿಜನ್ ಎರಡು ಮಾಡಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್. ಸೂತ್ರದ ಮುಂದಿನ ದೊಡ್ಡ ಅಂಕಿ ಮಾತ್ರ ನಿಮ್ಮ ಕೈಯಲ್ಲಿದೆ.

ಅಭ್ಯಾಸಕ್ಕೆ ಕಬ್ಬಿಣ ಮತ್ತು ಹಬೆಯ ಕ್ರಿಯೆ ತೆಗೆದುಕೊಳ್ಳಿ. ಬರುವ ಆಕ್ಸೈಡಿನಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಎಲ್ಲಕ್ಕಿಂತ ದೊಡ್ಡ ಸೂತ್ರದಿಂದ ಶುರು ಮಾಡಿ. ಬಲಗಡೆ ಆಕ್ಸಿಜನ್ ನಾಲ್ಕು, ಹಾಗಾದರೆ ಎಡಕ್ಕೆ ನಾಲ್ಕು ನೀರು. ನಾಲ್ಕು ನೀರಿನಲ್ಲಿ ಹೈಡ್ರೋಜನ್ ಎಂಟು, ಬಲಕ್ಕೆ ನಾಲ್ಕು ಹೈಡ್ರೋಜನ್ ಅಣು. ಕೊನೆಗೆ ಕಬ್ಬಿಣ ಮೂರು. ಒಂಟಿಯಾಗಿ ನಿಂತ ಧಾತುವನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳಿ, ಅದರ ಅಂಕಿ ಬದಲಿಸಿದರೆ ಬೇರೇನೂ ಕೆಡುವುದಿಲ್ಲ. ದಿನಕ್ಕೆ ಐದು ಸಮೀಕರಣದಂತೆ ಹದಿನೈದು ದಿನ ಮಾಡಿದರೆ ಈ ಭಯ ಹೋಗುತ್ತದೆ.

ಹೆಜ್ಜೆ 4: ಸುಣ್ಣದ ಸುತ್ತು

ಕರಾವಳಿಯವರು ಇಲ್ಲಿ ಮುಂದು. ಅಘನಾಶಿನಿ ಅಳಿವೆಯ ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪನ್ನು ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ: ವಿಭಜನೆ, ಅಂತರುಷ್ಣಕ (ಶಾಖ ಹೀರುವಂಥದ್ದು). ಅದಕ್ಕೆ ನೀರು ಹಾಕಿದರೆ ಕುದಿದು ಬಿಸಿಯಾಗಿ ಅರಳಿದ ಸುಣ್ಣ: ಸಂಯೋಗ, ಬಹಿರುಷ್ಣಕ (ಶಾಖ ಬಿಡುವಂಥದ್ದು). ಗೋಡೆಗೆ ಬಳಿದರೆ ಎರಡು ಮೂರು ದಿನದಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಗಟ್ಟಿ, ಹೊಳೆಯುವ ಕ್ಯಾಲ್ಸಿಯಂ ಕಾರ್ಬೊನೇಟ್. ಚಿಪ್ಪಿನಿಂದ ಹೊರಟದ್ದು ಗೋಡೆಯ ಮೇಲೆ ಚಿಪ್ಪೇ ಆಗಿ ಕೂತಿತು. ಈ ಮೂರು ಸಮೀಕರಣವನ್ನು ಒಂದು ವೃತ್ತದಲ್ಲಿ ಬರೆದಿಟ್ಟುಕೊಳ್ಳಿ. ಬಿಡಿ ಬಿಡಿಯಾಗಿ ಕೇಳುವ ಪ್ರಶ್ನೆಗಳು ಎಷ್ಟೋ ಇದರೊಳಗೇ ಇವೆ.

ಮನೆಯಲ್ಲಿ ಕವಳದ (ಎಲೆ ಅಡಿಕೆಯ) ಬಟ್ಟಲಿದ್ದರೆ ಇನ್ನೂ ಒಳ್ಳೆಯದು. ಸ್ವಲ್ಪ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕಲಕಿ ಬಿಡಿ, ಮಾರನೇ ದಿನ ಮೇಲಿನ ತಿಳಿಯನ್ನು ಬಗ್ಗಿಸಿ. ಸುಣ್ಣದ ತಿಳಿನೀರು ತಯಾರು. ಕೊಳವೆಯಲ್ಲಿ ಊದಿ (ಹೀರಬೇಡಿ). ಹಾಲಿನಂತೆ ಬೆಳ್ಳಗಾಗುತ್ತದೆ. ಇನ್ನೂ ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತ ಹೋದರೆ ಮತ್ತೆ ತಿಳಿಯಾಗುತ್ತದೆ, ಏಕೆಂದರೆ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಯಿತು. ಈ ಎರಡನೇ ಭಾಗ ಬರೆಯದೆ ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಹೆಜ್ಜೆ 5: ದಾಸವಾಳ, ಅರಿಶಿನ, ಮುರುಗಲು

ಕೆಂಪು ದಾಸವಾಳದ ಎಸಳನ್ನು ಬಿಸಿ ನೀರಿನಲ್ಲಿ ನೆನೆಸಿ ಸೋಸಿ. ಆಮ್ಲಕ್ಕೆ ಕಡು ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಅರಿಶಿನ ಪ್ರತ್ಯಾಮ್ಲಕ್ಕೆ ಮಾತ್ರ ಕೆಂಪುಗಂದಾಗುತ್ತದೆ, ಆಮ್ಲದಲ್ಲಿ ಹಳದಿಯೇ. ಹಾಗಾದರೆ ಅರಿಶಿನ ಹಳದಿಯಾಗೇ ಉಳಿದರೆ ದ್ರಾವಣ ಆಮ್ಲ ಎಂದು ಹೇಳಬಹುದೇ? ಆಗುವುದಿಲ್ಲ, ಬರೀ ನೀರೂ ಇರಬಹುದು. ಸೂಚಕ ಏನು ಹೇಳುತ್ತದೆ ಎಂಬಷ್ಟೇ, ಏನು ಹೇಳುವುದಿಲ್ಲ ಎಂಬುದೂ ಗೊತ್ತಿರಬೇಕು.

ಮುರುಗಲು (ಕೋಕಂ) ಸಿಪ್ಪೆಯ ಕೆಂಪಿಗೂ ಇದೇ ಗುಣವಿದೆ. ತೊಡಕೆಂದರೆ ಅದು ತನ್ನದೇ ಹುಳಿ ಹೊತ್ತು ಬಂದಿರುತ್ತದೆ. ಬಣ್ಣ ಬದಲಾಗಬೇಕಾದರೆ ಮೊದಲು ಆ ಹುಳಿ ತಟಸ್ಥವಾಗುವಷ್ಟು ಸೋಡಾ ಸುರಿಯಬೇಕು. ಹಾಗೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕುತ್ತ ಬಣ್ಣ ತಿರುಗುವ ಹೊತ್ತು ಕಾಯುವುದೇ ತಟಸ್ಥೀಕರಣದ ಒಳ್ಳೆ ಪಾಠ. ನೊರೆ ಏಳುವುದು ಕಾರ್ಬನ್ ಡೈಆಕ್ಸೈಡ್.

ಸಾಲಾಗಿ ಲಿಂಬೆ, ವಾಟೆಹುಳಿಯ ನೀರು, ಸಾಬೂನು, ಜೋನಿಬೆಲ್ಲ, ಸಮುದ್ರದ ನೀರು ಇಟ್ಟುಕೊಂಡು ಮೊದಲು ಊಹೆ ಬರೆಯಿರಿ. ಸಮುದ್ರದ ನೀರಿಗೆ ಎಲ್ಲರೂ ‘ತಟಸ್ಥ’ ಎನ್ನುತ್ತಾರೆ. ಅದರ ಪಿಎಚ್ ಸುಮಾರು 8.1, ಅಂದರೆ ಸ್ವಲ್ಪ ಪ್ರತ್ಯಾಮ್ಲ. ಪಿಎಚ್ ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನಿನ ಸಾಂದ್ರತೆ ಹತ್ತು ಪಟ್ಟು ಏರುತ್ತದೆ, ಎರಡು ಅಂಕ ಇಳಿದರೆ ನೂರು ಪಟ್ಟು. ನಮ್ಮ ಜಂಬಿಟ್ಟಿಗೆ ಮಣ್ಣು ಜೋರು ಮಳೆಗೆ ತೊಳೆದುಹೋಗಿ ಹುಳಿಯಾಗಿರುತ್ತದೆ. ತೋಟಕ್ಕೆ ಸುಣ್ಣ ಚೆಲ್ಲುವುದು ಅದಕ್ಕೇ.

ಹೆಜ್ಜೆ 6: ಸಾಣಿಕಟ್ಟೆಯಿಂದ ಬಿಣಗಾಕ್ಕೆ

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನಡೆಯುವುದು ಭೌತ ಬದಲಾವಣೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ ಉಪ್ಪು ಹರಳುಗಟ್ಟುತ್ತದೆ. ಅದೇ ಉಪ್ಪಿನ ನೀರಿಗೆ ವಿದ್ಯುತ್ ಹಾಯಿಸಿದರೆ ರಾಸಾಯನಿಕ ಬದಲಾವಣೆ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇರುವುದು ಎಲ್ಲರಿಗೂ ಗೊತ್ತು, ಪುಸ್ತಕದ ‘ಕ್ಲೋರ್-ಕ್ಷಾರ ವಿಧಾನ’ಕ್ಕೂ ಅದಕ್ಕೂ ಇರುವ ನಂಟು ಮಾತ್ರ ಹೊಳೆದಿರುವುದಿಲ್ಲ. ಎರಡು ಸೋಡಿಯಂ ಕ್ಲೋರೈಡ್, ಎರಡು ನೀರು ಸೇರಿ ಎರಡು ಸೋಡಿಯಂ ಹೈಡ್ರಾಕ್ಸೈಡ್, ಒಂದು ಕ್ಲೋರಿನ್, ಒಂದು ಹೈಡ್ರೋಜನ್. ಕ್ಲೋರಿನ್ ಧನಾಗ್ರದಲ್ಲಿ, ಹೈಡ್ರೋಜನ್ ಋಣಾಗ್ರದಲ್ಲಿ, ಸೋಡಿಯಂ ಹೈಡ್ರಾಕ್ಸೈಡ್ ಋಣಾಗ್ರದ ಬಳಿ.

ಆ ಕ್ಲೋರಿನ್ನನ್ನು ಒಣ ಅರಳಿದ ಸುಣ್ಣದ ಮೇಲೆ ಹಾಯಿಸಿದರೆ ಬ್ಲೀಚಿಂಗ್ ಪೌಡರ್. ನೋಡಿ, ಸುಣ್ಣದ ವೃತ್ತಕ್ಕೆ ಇನ್ನೊಂದು ಬಾಣ ಸೇರಿತು. ಸೋಡಿಯಂ ಹೈಡ್ರಾಕ್ಸೈಡನ್ನು ತೆಂಗಿನೆಣ್ಣೆಯ ಜೊತೆ ಸೇರಿಸಿದರೆ ಸಾಬೂನು, ಅಲ್ಲಿಂದ ಕಾರ್ಬನ್ ಪಾಠದ ಬಾಗಿಲು. ಉಪ್ಪಿನ ನೀರು, ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಸೇರಿದರೆ ಅಡುಗೆ ಸೋಡಾ, ಅದನ್ನು ಕಾಯಿಸಿದರೆ ಸೋಡಿಯಂ ಕಾರ್ಬೊನೇಟ್, ಅದು ಹತ್ತು ನೀರಿನ ಅಣುಗಳ ಜೊತೆ ಹರಳುಗಟ್ಟಿದರೆ ವಾಷಿಂಗ್ ಸೋಡಾ. ಒಂದು ದೊಡ್ಡ ಹಾಳೆಯ ನಡುವೆ ‘ಉಪ್ಪು’ ಎಂದು ಬರೆದು ಇವೆಲ್ಲವನ್ನೂ ಬಾಣ ಹಾಕಿ ಜೋಡಿಸಿ ಗೋಡೆಗೆ ಅಂಟಿಸಿ.

ಸಮಸ್ಥಾನಿಗಳ (ಒಂದೇ ಧಾತುವಿನ, ನ್ಯೂಟ್ರಾನ್ ಸಂಖ್ಯೆ ಮಾತ್ರ ಬೇರೆಯಾದ ಪರಮಾಣುಗಳ) ವಿಷಯಕ್ಕೆ ಕೈಗಾ ಅಣುವಿದ್ಯುತ್ ಸ್ಥಾವರ ನೆನಪಿಡಿ. ಅಲ್ಲಿನ ನಾಲ್ಕು ರಿಯಾಕ್ಟರುಗಳು ತಲಾ 220 ಮೆಗಾವಾಟಿನವು, ಭಾರಜಲ ಬಳಸುವವು. ಭಾರಜಲದ ಹೈಡ್ರೋಜನ್ನಿನಲ್ಲಿ ಪ್ರೋಟಾನಿನ ಜೊತೆ ಒಂದು ನ್ಯೂಟ್ರಾನ್ ಹೆಚ್ಚು. ಪರಮಾಣು ಸಂಖ್ಯೆ ಅದೇ 1, ರಾಶಿ ಸಂಖ್ಯೆ 2.

ಹೆಜ್ಜೆ 7: ಕೋಶಕ್ಕೆ ಉಪ್ಪು ಹಾಕಿ ನೋಡಿ

ಕೊಳೆರೋಗ ತರುವ ಫೈಟೊಫ್ತೊರಾವನ್ನು ಎಲ್ಲರೂ ಶಿಲೀಂಧ್ರ ಎನ್ನುತ್ತಾರೆ. ನೋಡಲು ಹಾಗೇ ಇದೆ. ನಿಜವಾದ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ, ಇದರ ಭಿತ್ತಿಯಲ್ಲಿ ಸಸ್ಯಗಳ ಹಾಗೆ ಸೆಲ್ಯುಲೋಸ್. ಇದರ ಬೀಜಕಗಳು ಬಾಲದಂಥ ಕಶಾಂಗ ಬೀಸಿ ನೀರಿನಲ್ಲಿ ಈಜುತ್ತವೆ. ಮಳೆ ಹಿಡಿದಾಗಲೇ ಅಡಿಕೆ ಕೊನೆಗಳು ಕೊಳೆಯುವುದಕ್ಕೆ ಕಾರಣ ಇಲ್ಲಿದೆ. ಜೀವಿಯನ್ನು ಗುರುತಿಸಲು ಅದರ ಕೋಶದ ರಚನೆ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಕೋಶಕ್ಕೆ ಬರುವಾಗ ಮೊದಲು ಚಿತ್ರ. ಪುಸ್ತಕ ನೋಡದೆ ಒಂದು ಸಸ್ಯಕೋಶ, ಒಂದು ಪ್ರಾಣಿಕೋಶ ಬಿಡಿಸಿ, ಆಮೇಲೆ ತಿದ್ದಿ. ನಂತರ ಶಾಲೆಯ ಸೂಕ್ಷ್ಮದರ್ಶಕದ ಹತ್ತಿರ ಹೋಗಿ. ಕೆಂಪು ಈರುಳ್ಳಿಯ ಎಸಳಿನ ಹೊರಮೈಯಿಂದ ನೇರಳೆ ಬಣ್ಣದ ತೆಳು ಪೊರೆ ಕಿತ್ತು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ. ಬಣ್ಣ ಹಾಕುವುದೂ ಬೇಡ, ಕೋಶದೊಳಗಿನ ರಸ ತುಂಬಿದ ಚೀಲ, ಅಂದರೆ ರಸದಾನಿಯೊಳಗೇ ಬಣ್ಣವಿದೆ. ಇಟ್ಟಿಗೆ ಜೋಡಿಸಿದಂತೆ ಕೋಶಗಳು, ಒಂದೊಂದರ ತುಂಬ ಗುಲಾಬಿ. ಈಗ ಮೇಲಿನ ಗಾಜಿನ ಒಂದು ಅಂಚಿಗೆ ಗಟ್ಟಿ ಉಪ್ಪಿನ ನೀರಿನ ಹನಿ ಬಿಡಿ, ಎದುರು ಅಂಚಿನಲ್ಲಿ ಒತ್ತು ಕಾಗದದಿಂದ ಹೀರಿ ಎಳೆಯಿರಿ. ಕಣ್ಣು ತೆಗೆಯಬೇಡಿ. ಗುಲಾಬಿ ಮೂಲೆಗಳಿಂದ ಬಿಟ್ಟುಕೊಳ್ಳುತ್ತದೆ, ಭಿತ್ತಿ ಅಲ್ಲೇ ನಿಂತಿರುತ್ತದೆ, ಒಳಗಿನದು ಮುದುಡಿ ಕಡುಬಣ್ಣದ ಉಂಡೆಯಾಗುತ್ತದೆ. ಕೋಶಪೊರೆ ಎಲ್ಲಿದೆ ಎಂಬುದು ಅಲ್ಲಿಯವರೆಗೆ ಬರೀ ಮಾತಾಗಿತ್ತು, ಈಗ ಅದರ ಅಂಚೇ ಕಾಣುತ್ತದೆ.

ಈಗ ಪ್ರಶ್ನೆ: ಭಿತ್ತಿಗೂ ಪೊರೆಗೂ ನಡುವೆ ಬಿದ್ದ ಜಾಗದಲ್ಲಿ ಏನಿದೆ? ಗಾಳಿ ಎಂದು ಬರೆಯುವವರು ಬಹಳ. ಅಲ್ಲಿರುವುದು ಹೊರಗಿನ ಉಪ್ಪಿನ ನೀರು. ಭಿತ್ತಿ ಎಲ್ಲವನ್ನೂ ಒಳಬಿಡುತ್ತದೆ, ತಡೆದು ಆರಿಸುವುದು ಪೊರೆ ಮಾತ್ರ. ಈ ಒಂದು ಉತ್ತರ ಸರಿಯಾಗಿ ಬಂದರೆ ಅಭಿಸರಣ (ಪೊರೆ ದಾಟಿ ನೀರು ಹೆಚ್ಚು ಉಪ್ಪಿರುವ ಕಡೆಗೆ ಸಾಗುವುದು) ಅರ್ಥವಾಗಿದೆ ಎಂದೇ ಲೆಕ್ಕ.

ಅಪ್ಪೆಮಿಡಿಗೆ (ಉಪ್ಪಿನಕಾಯಿಯ ಎಳೆ ಮಾವಿಗೆ) ಉಪ್ಪು ಹಾಕಿಟ್ಟ ಭರಣಿಯಲ್ಲಿ ನೀರು ಎಲ್ಲಿಂದ ಬಂತು? ಯಾರೂ ಸುರಿದಿಲ್ಲ, ಮಿಡಿಯ ಕೋಶಗಳಿಂದಲೇ ಬಂತು. ಮಿಡಿ ಸುಕ್ಕುಗಟ್ಟುವುದೂ ಅದಕ್ಕೇ. ಹಾಗಾದರೆ ಕೆಲ ದಿನ ಬಿಟ್ಟು ಮಿಡಿಯ ಒಳಗೆಲ್ಲ ಉಪ್ಪು ಇಳಿಯುವುದು ಹೇಗೆ? ಅಷ್ಟು ಹೊತ್ತಿಗೆ ಕೋಶಗಳು ಸತ್ತಿರುತ್ತವೆ, ಸತ್ತ ಪೊರೆಗೆ ಆರಿಸುವ ಶಕ್ತಿ ಇಲ್ಲ. ಬೇಯಿಸಿದ ಎಲೆಯಲ್ಲಿ ಈ ಮುದುಡುವಿಕೆ ಕಾಣುವುದಿಲ್ಲ ಎಂಬ ಒಂಬತ್ತನೇ ತರಗತಿಯ ಪ್ರಯೋಗದ ಕಾರಣವೂ ಇದೇ.

ಹೆಜ್ಜೆ 8: ಕಣದಂಗಗಳನ್ನು (ಕೋಶದೊಳಗಿನ ಪುಟ್ಟ ಅಂಗಗಳನ್ನು) ದಾರಿಯಾಗಿ ಕಲಿಯಿರಿ

‘ಮೈಟೊಕಾಂಡ್ರಿಯಾ ಕೋಶದ ಶಕ್ತಿ ಕೇಂದ್ರ’ ಎಂದು ಬರೆದು ಮುಂದೆ ಹೋಗುವುದರಲ್ಲಿ ಏನೂ ಹುರುಳಿಲ್ಲ. ಒಂದು ವಸ್ತುವನ್ನು ಹಿಂಬಾಲಿಸಿ. ಅವಲಕ್ಕಿಯನ್ನು ಅಗಿಯುತ್ತ ಇದ್ದರೆ ಸಿಹಿಯಾಗುತ್ತದಲ್ಲ, ಅದು ಲಾಲಾರಸದ ಅಮೈಲೇಸ್ ಎಂಬ ಕಿಣ್ವದ ಕೆಲಸ. ಕಿಣ್ವ ಒಂದು ಪ್ರೋಟೀನು. ಅದನ್ನು ಮಾಡುವ ಸೂಚನೆ ಕೋಶಕೇಂದ್ರದ ಡಿಎನ್‌ಎಯಲ್ಲಿ. ಮಾಡುವುದು ರೈಬೊಸೋಮು. ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಮೂಲಕ ಸಾಗಿ ಗಾಲ್ಗಿ ಸಂಕೀರ್ಣಕ್ಕೆ, ಅಲ್ಲಿ ಪೊಟ್ಟಣವಾಗಿ ಕೋಶಪೊರೆಯಿಂದ ಹೊರಕ್ಕೆ. ಇಷ್ಟಕ್ಕೂ ಬೇಕಾದ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಮೈಟೊಕಾಂಡ್ರಿಯದಿಂದ. ಒಂದೇ ದಾರಿಯಲ್ಲಿ ಆರು ಅಂಗ ಬಂತು. ಉಳಿದ ಲೈಸೋಸೋಮ್, ರಸದಾನಿ, ಪ್ಲಾಸ್ಟಿಡ್‌ಗಳನ್ನು ಒಂದೊಂದು ಸಾಲಿನಲ್ಲಿ ಸೇರಿಸಿ. ಮೈಟೊಕಾಂಡ್ರಿಯ ಮತ್ತು ಪ್ಲಾಸ್ಟಿಡ್‌ಗಳಿಗೆ ಸ್ವಂತ ಡಿಎನ್‌ಎ, ರೈಬೊಸೋಮ್ ಇವೆ ಎಂಬುದನ್ನು ಅಡಿಗೆರೆ ಹಾಕಿ ಬರೆಯಿರಿ.

ಇಸವಿಗಳನ್ನೂ ಕಾರಣದ ಜೊತೆ ನೆನಪಿಡಿ. 1665ರಲ್ಲಿ ರಾಬರ್ಟ್ ಹುಕ್ ನೋಡಿದ್ದು ಬೆಂಡಿನ ಸತ್ತ ಕೋಶ, ಬರೀ ಗೋಡೆ. ಕೋಶಕೇಂದ್ರವನ್ನು ರಾಬರ್ಟ್ ಬ್ರೌನ್ ಗುರುತಿಸಿದ್ದು 1831ರಲ್ಲಿ. 1838ರಲ್ಲಿ ಶ್ಲೈಡೆನ್, 1839ರಲ್ಲಿ ಶ್ವಾನ್ ಕೋಶಸಿದ್ಧಾಂತ ಕಟ್ಟಿದರು, ಕೋಶ ಹುಟ್ಟುವುದು ಕೋಶದಿಂದಲೇ ಎಂದು 1855ರಲ್ಲಿ ವಿರ್ಚೋ ಸೇರಿಸಿದ.

ಕೋಶವಿಭಜನೆಗೆ ಈರುಳ್ಳಿಯೇ ಸಾಕು. ಅದರ ಕೋಶದಲ್ಲಿ ವರ್ಣತಂತು 16. ಮೈಟಾಸಿಸ್ ಆದರೆ ತಲಾ 16ರ ಎರಡು ಕೋಶ, ಮಿಯಾಸಿಸ್ ಆದರೆ ತಲಾ 8ರ ನಾಲ್ಕು.

ಹೆಜ್ಜೆ 9: ಎರಡೂ ಹಾಳೆ ಕೂಡುವ ಜಾಗ

ದ್ಯುತಿಸಂಶ್ಲೇಷಣೆಯ ಸಮೀಕರಣದಲ್ಲಿ 6 ಕಾರ್ಬನ್ ಡೈಆಕ್ಸೈಡಿಗೆ 12 ನೀರು ಯಾಕೆ, ಬಲಗಡೆ ಮತ್ತೆ 6 ನೀರು ಯಾಕೆ? ಎರಡೂ ಕಡೆ 6 ಹೊಡೆದುಹಾಕಿದರೂ ಲೆಕ್ಕ ಸರಿಯೇ. ಆದರೆ ಹೊರಬರುವ ಆಕ್ಸಿಜನ್ನೆಲ್ಲ ನೀರಿನಿಂದ ಬಂದದ್ದು. 6 ಆಕ್ಸಿಜನ್ ಅಣುವಿಗೆ 12 ಪರಮಾಣು ಬೇಕು, ಒಂದು ನೀರಿನಲ್ಲಿ ಇರುವುದು ಒಂದೇ. ಹಾಗಾಗಿ 12 ನೀರು ಬರೆಯಬೇಕು. ಹೆಜ್ಜೆ 3ರ ಎಣಿಕೆ ಇಲ್ಲಿ ಹರಿದ್ರೇಣುವಿನ (ಎಲೆಯ ಹಸಿರು ಪ್ಲಾಸ್ಟಿಡ್‌ನ) ಒಳಗೆ ಕೆಲಸಕ್ಕೆ ಬಂತು. ಉಸಿರಾಟದ ಸಮೀಕರಣವನ್ನು ಇದರ ಕೆಳಗೇ ಬರೆದು, ಯಾವುದು ಅಂತರುಷ್ಣಕ, ಯಾವುದು ಬಹಿರುಷ್ಣಕ ಎಂದು ಗುರುತು ಹಾಕಿ. ಗ್ಲೂಕೋಸ್ ಪೈರುವೇಟ್ ಆಗುವುದು ಕೋಶದ್ರವ್ಯದಲ್ಲಿ, ಮುಂದಿನದು ಮೈಟೊಕಾಂಡ್ರಿಯದಲ್ಲಿ. ಎರಡನ್ನೂ ಮೈಟೊಕಾಂಡ್ರಿಯಕ್ಕೆ ತಳ್ಳಬೇಡಿ.

ಕೊನೆಯ ವಾರ

ಹೊಸದೇನೂ ಶುರು ಮಾಡಬೇಡಿ. ಮೊದಲ ದಿನದ ಎರಡು ಹಾಳೆಯನ್ನು ಮತ್ತೆ ಖಾಲಿಯಿಂದ ಬರೆದು, ಕೆಂಪು ಎಷ್ಟು ಉಳಿದಿದೆ ನೋಡಿ, ಅಷ್ಟನ್ನೇ ಓದಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಎದುರಿಟ್ಟುಕೊಂಡು ಒಂದಾದರೂ ಪೂರ್ತಿ ಬರೆಯಿರಿ. ಲಿಖಿತ ಪರೀಕ್ಷೆಯ 80 ಅಂಕದಲ್ಲಿ ಚಿತ್ರಕ್ಕೆ ಸಿಗುವುದನ್ನು ಬಿಡಬೇಡಿ: ಪೆನ್ಸಿಲಿನಲ್ಲಿ ಬಿಡಿಸಿ, ಹೆಸರುಗಳನ್ನು ಬಲಗಡೆ ಒಂದೇ ಸಾಲಿನಲ್ಲಿ ಬರೆಯಿರಿ, ಗೆರೆಯ ತುದಿ ಆ ಭಾಗವನ್ನು ಮುಟ್ಟಿರಲಿ. ಸಮೀಕರಣ ಬರೆದ ಮೇಲೆ ಘನ, ದ್ರವ, ಅನಿಲ, ಜಲೀಯ ಎಂಬ ಸ್ಥಿತಿ ಸೂಚಿಸಿ, ಒತ್ತರಕ್ಕೆ ಕೆಳಮುಖ ಬಾಣ, ಅನಿಲಕ್ಕೆ ಮೇಲ್ಮುಖ ಬಾಣ ಹಾಕಿ, ಎರಡೂ ಬದಿಯ ಪರಮಾಣುಗಳನ್ನು ಇನ್ನೊಮ್ಮೆ ಎಣಿಸಿಯೇ ಮುಂದಿನ ಪ್ರಶ್ನೆಗೆ ಹೋಗಿ.